ಗುಂಪಿಗೆ ಸೇರದ ಸಾಲುಗಳು

ಹೋದ ಬೇಸಿಗೆಯಲ್ಲಿ ನಾವು ಮೂವರು ಸೇರಿ ಒಂದು ಪಟ್ಟಿ ಮಾಡಿದೆವು. ಕಲ್ಯಾಣ ಕರ್ನಾಟಕದ ಒಂದು ತಾಲ್ಲೂಕಿನಲ್ಲಿ ಕುಡಿಯುವ ನೀರಿನ ಬಗ್ಗೆ ಜನ ಕೊಟ್ಟ ದೂರುಗಳ ವಿವರವನ್ನು ಮಾಹಿತಿ ಹಕ್ಕಿನಡಿ ಕೇಳಿ ಪಡೆದಿದ್ದೆವು. ಎರಡು ವರ್ಷದ ದೂರುಗಳು, ಸಾವಿರಾರು ಸಾಲು. ದಿನಾಂಕ, ಗ್ರಾಮ, ದೂರಿನ ಬಗೆ, ಸ್ಥಿತಿ, ಷರಾ ಎಂದು ಐದು ಕಾಲಂ. ಕೈಯಲ್ಲಿ ಎಣಿಸುವ ಮಾತೇ ಇಲ್ಲ. ನಮ್ಮಲ್ಲೊಬ್ಬರು ಪೈಥಾನ್ ಕಲಿತಿದ್ದರು. ಅದರಲ್ಲಿ ಪಾಂಡಾಸ್ ಎಂಬ ಲೈಬ್ರರಿ ಇದೆ. ಕೋಷ್ಟಕಗಳನ್ನು ತಿರುವಿ ಹಾಕುವುದೇ ಅದರ ಕೆಲಸ. ಗ್ರಾಮವಾರು ಗುಂಪು ಮಾಡು, ಪ್ರತಿ ಗುಂಪಿನ ಸಾಲು ಎಣಿಸು, ಹೆಚ್ಚಿನಿಂದ ಕಡಿಮೆಗೆ ಜೋಡಿಸು. ಇಷ್ಟನ್ನು ಹೇಳಲು ಮೂರು ಸಾಲಿನ ಕೋಡು ಸಾಕು. ಚಹಾ ಆರುವ ಮೊದಲೇ 'ಅತಿ ಹೆಚ್ಚು ದೂರು ಬಂದ ಹತ್ತು ಊರುಗಳು' ಸಿದ್ಧವಾಗಿತ್ತು. ಒಂದು ಸ್ಥಳೀಯ ಪತ್ರಿಕೆ ಅದನ್ನು ಬಾಕ್ಸ್ ಕಟ್ಟಿ ಮುಖಪುಟದಲ್ಲೇ ಹಾಕಿತು.

ಮಾರನೆಯ ದಿನ ಬೆಳಿಗ್ಗೆ ಒಂದು ಫೋನ್ ಬಂತು. ಅದೇ ತಾಲ್ಲೂಕಿನ ಒಂದು ತಾಂಡಾದ ಹೆಣ್ಣುಮಗಳು. ಸ್ವಸಹಾಯ ಸಂಘದ ಸಭೆಗೆ ಹೋದಾಗ ಪರಿಚಯವಾಗಿದ್ದವರು.

"ತಮ್ಮಾ, ನಮ್ಮ ತಾಂಡಾದ ಹೆಸರು ಎಲ್ಲೂ ಇಲ್ಲಲ್ಲೋ. ದೂರು ಬರಿಸಿ ಬರಿಸಿ ನಮಗ ಸಾಕಾಗೇದ. ನಿಮ್ಮ ಲೆಕ್ಕದಾಗ ನಾವು ಇಲ್ಲೇನು?"

ಮೊದಲಿಗೆ ನಾವು ಮಾಡಿದ್ದು ಎಲ್ಲರೂ ಮಾಡುವ ಕೆಲಸವನ್ನೇ: ಸಮರ್ಥನೆ. "ಆಫೀಸಿನವರು ಕೊಟ್ಟ ಲೆಕ್ಕ ಅಕ್ಕಾ, ನಾವು ಸೇರಿಸಿದ್ದೂ ಇಲ್ಲ, ತೆಗೆದಿದ್ದೂ ಇಲ್ಲ" ಎಂದೆವು. ಆ ಮಾತಿನ ಕೊನೆಯ ಭಾಗ ಸುಳ್ಳು ಎಂದು ತಿಳಿಯಲು ಸಂಜೆಯವರೆಗೆ ಬೇಕಾಯಿತು. ಎಲ್ಲ ಗುಂಪುಗಳ ಎಣಿಕೆಯನ್ನು ಕೂಡಿಸಿ ನೋಡಿದೆವು. ಮೂಲ ಕೋಷ್ಟಕದಲ್ಲಿದ್ದ ಸಾಲುಗಳ ಸಂಖ್ಯೆಗೆ ಅದು ತಾಳೆಯಾಗಲಿಲ್ಲ. ನೂರಾರು ಸಾಲುಗಳು ಕಾಣೆಯಾಗಿದ್ದವು.

ಅವು ಹೋದದ್ದೆಲ್ಲಿಗೆ? ಪಾಂಡಾಸ್‌ನಲ್ಲಿ ಗುಂಪು ಮಾಡುವ ಆಜ್ಞೆಯ ಹೆಸರು ಗ್ರೂಪ್‌ಬೈ. ಯಾವ ಕಾಲಂ ಮೇಲೆ ಗುಂಪು ಮಾಡುತ್ತೇವೋ ಆ ಕಾಲಂನಲ್ಲಿ ಯಾವುದಾದರೂ ಸಾಲಿನ ಸೆಲ್ ಖಾಲಿ ಇದ್ದರೆ, ಗ್ರೂಪ್‌ಬೈ ಆ ಸಾಲನ್ನು ಬಿಟ್ಟುಬಿಡುತ್ತದೆ. ತಪ್ಪು ಸಂದೇಶ ಬರುವುದಿಲ್ಲ, ಎಚ್ಚರಿಕೆಯೂ ಇಲ್ಲ. ನಾವಾಗಿ ಬೇರೆ ಹೇಳದಿದ್ದರೆ ಅದರ ಪದ್ಧತಿಯೇ ಅದು. 2020ರಲ್ಲಿ ಬಂದ 1.1ನೇ ಆವೃತ್ತಿಯಿಂದ 'ಡ್ರಾಪ್‌ಎನ್‌ಎ ಈಕ್ವಲ್ಸ್ ಫಾಲ್ಸ್' ಎಂದು ಬರೆದರೆ ಖಾಲಿಯವನ್ನೂ ಒಂದು ಗುಂಪಾಗಿ ತೋರಿಸುತ್ತದೆ. ಬರೆಯಬೇಕು ಎಂದು ಗೊತ್ತಿದ್ದರೆ ತಾನೇ ಬರೆಯುವುದು? ಡೇಟಾಬೇಸ್‌ನವರ ಎಸ್‌ಕ್ಯೂಎಲ್ ಭಾಷೆಯಲ್ಲಿ ಇದೇ ಕೆಲಸ ಮಾಡಿದರೆ ಖಾಲಿ ಸಾಲುಗಳೆಲ್ಲ ಸೇರಿ ಒಂದು ಗುಂಪಾಗಿ ಉಳಿಯುತ್ತವೆ. ಎಕ್ಸೆಲ್‌ನ ಪಿವೋಟ್ ಟೇಬಲ್ ಕೂಡ 'ಬ್ಲ್ಯಾಂಕ್' ಎಂದು ಒಂದು ಸಾಲು ತೋರಿಸುತ್ತದೆ. ಅಂದರೆ ಒಂದೇ ಕೋಷ್ಟಕ, ಒಂದೇ ಪ್ರಶ್ನೆ, ಆದರೆ ಯಾವ ಸಾಧನ ಹಿಡಿದಿರಿ ಎನ್ನುವುದರ ಮೇಲೆ ಕೆಲವರು ಲೆಕ್ಕದಲ್ಲಿ ಇರುತ್ತಾರೆ ಅಥವಾ ಇರುವುದಿಲ್ಲ.

ಇನ್ನು ಆ ಸೆಲ್‌ಗಳು ಖಾಲಿ ಯಾಕಿದ್ದವು? ಷರಾ ಕಾಲಂ ತೆರೆದು ಓದಿದಾಗ ಗೊತ್ತಾಯಿತು. ದೂರು ದಾಖಲಿಸುವ ಕಂಪ್ಯೂಟರಿನಲ್ಲಿ ಗ್ರಾಮದ ಹೆಸರನ್ನು ಟೈಪ್ ಮಾಡುವಂತಿಲ್ಲ, ಒಂದು ಪಟ್ಟಿಯಿಂದ ಆರಿಸಬೇಕು. ಆ ಪಟ್ಟಿಯಲ್ಲಿದ್ದದ್ದು ಕಂದಾಯ ಗ್ರಾಮಗಳು ಮಾತ್ರ. ತಾಂಡಾದಿಂದ ದೂರು ಬಂದಾಗ ಆಪರೇಟರ್ ಗ್ರಾಮದ ಜಾಗವನ್ನು ಹಾಗೇ ಬಿಟ್ಟು, ಷರಾದಲ್ಲಿ 'ಇಂಥ ತಾಂಡಾ, ಮೋಟಾರು ಸುಟ್ಟಿದೆ' ಎಂದು ಬರೆದಿದ್ದರು. ಅವರದು ತಪ್ಪೆಂದು ಹೇಳಲು ನಮಗೆ ಬಾಯಿ ಬರಲಿಲ್ಲ. ಬರೆಯದೆ ಬಿಡುವುದಕ್ಕಿಂತ ಷರಾದಲ್ಲಾದರೂ ಬರೆದರಲ್ಲ.

ತಾಂಡಾ, ಹಟ್ಟಿ, ಹಾಡಿ, ಗೊಲ್ಲರಹಟ್ಟಿಗಳು ಕಂದಾಯ ಗ್ರಾಮಗಳ ಪಟ್ಟಿಯ ಹೊರಗೆ ಉಳಿದ ಕಥೆ ಈ ಓದುಗರಿಗೆ ಹೊಸದಲ್ಲ. 2023ರ ಜನವರಿ 19ರಂದು ಸೇಡಂ ತಾಲ್ಲೂಕಿನ ಮಳಖೇಡದಲ್ಲಿ ಪ್ರಧಾನಿ ಐವತ್ತು ಸಾವಿರಕ್ಕೂ ಹೆಚ್ಚು ಹಕ್ಕುಪತ್ರಗಳ ವಿತರಣೆಗೆ ಚಾಲನೆ ಕೊಟ್ಟರು. ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್, ವಿಜಯಪುರ ಈ ಐದು ಜಿಲ್ಲೆಗಳಲ್ಲಿ 1,475 ದಾಖಲೆರಹಿತ ಜನವಸತಿಗಳನ್ನು ಕಂದಾಯ ಗ್ರಾಮಗಳೆಂದು ಘೋಷಿಸಲಾಗಿತ್ತು. ತಲೆಮಾರುಗಳಿಂದ ಮನೆ ಕಟ್ಟಿಕೊಂಡು ಇದ್ದವರು ಕಾಗದದ ಮೇಲೆ ಊರೇ ಇಲ್ಲದವರಾಗಿದ್ದರು ಎಂಬುದಕ್ಕೆ ಆ ಸಂಖ್ಯೆಗಿಂತ ಬೇರೆ ಸಾಕ್ಷಿ ಬೇಡ. ಕಾಗದದಲ್ಲಿ ಊರಾಗುವುದು ಒಂದು ಹಂತ. ಪ್ರತಿ ಕಚೇರಿಯ ಪ್ರತಿ ಕಂಪ್ಯೂಟರಿನ ಆಯ್ಕೆಪಟ್ಟಿಯಲ್ಲಿ ಊರಾಗುವುದು ಇನ್ನೊಂದು. ಆ ಖಾಲಿ ಸೆಲ್‌ಗೆ ಇಷ್ಟೆಲ್ಲ ಇತಿಹಾಸ ಇತ್ತು. ನಮ್ಮ ಮೂರು ಸಾಲಿನ ಕೋಡು ಅದನ್ನು ಕಸವೆಂದು ಗುಡಿಸಿ ಹಾಕಿತು. ಗುಡಿಸಿದ್ದು ಪಾಂಡಾಸ್ ಎಂದು ಹೇಳಿ ನಾವು ಪಾರಾಗುವಂತಿಲ್ಲ.

ಇಲ್ಲಿ ನಮ್ಮ ವಾದ ಇಷ್ಟೆ. ಸಾಲುಗಳನ್ನು ಗುಂಪು ಮಾಡುವುದು, ಜೋಡಿಸುವುದು ಗುಮಾಸ್ತಿಕೆ ಕೆಲಸವಲ್ಲ, ವರದಿಗಾರಿಕೆಯ ಕೆಲಸ. ಯಾರನ್ನು ಮಾತಾಡಿಸಬೇಕು, ಯಾರ ಮಾತನ್ನು ಮೊದಲ ಪ್ಯಾರಾದಲ್ಲಿ ಇಡಬೇಕು ಎಂದು ನಿರ್ಧರಿಸುವಷ್ಟೇ ಅದು ಸಂಪಾದಕೀಯ ತೀರ್ಮಾನ. ಅದನ್ನು 'ಕಂಪ್ಯೂಟರ್ ಹುಡುಗ'ನಿಗೆ ವಹಿಸಿ, ಬಂದ ಪಟ್ಟಿಯನ್ನು ಕಣ್ಣುಮುಚ್ಚಿ ಪುಟಕ್ಕೆ ಹಾಕುವ ರೂಢಿಯನ್ನು ನಾವು ಬಿಡಬೇಕು. ಈಗಂತೂ ಎಐಗೆ ಹೇಳಿದರೆ ಆ ಮೂರು ಸಾಲನ್ನೂ ಅದೇ ಬರೆದುಕೊಡುತ್ತದೆ. ಬರೆದುಕೊಡಲಿ. ಆದರೆ ಆ ತಾಂಡಾದ ಹೆಣ್ಣುಮಗಳು ಫೋನ್ ಮಾಡುವುದು ನಮಗೆ.

ಹೆಸರುಗಳ ಗೋಜಲನ್ನೇ ನೋಡಿ. ಗ್ರೂಪ್‌ಬೈಗೆ ಊರು ಗೊತ್ತಿಲ್ಲ, ಅಕ್ಷರ ಮಾತ್ರ ಗೊತ್ತು. 2014ರ ನವೆಂಬರ್ 1ರಂದು ನಮ್ಮ ಹನ್ನೆರಡು ನಗರಗಳ ಹೆಸರು ಅಧಿಕೃತವಾಗಿ ಬದಲಾಯಿತು. ಹತ್ತು ವರ್ಷದ ಅಂಕಿಅಂಶ ಹಿಡಿದು ಜಿಲ್ಲಾವಾರು ಗುಂಪು ಮಾಡಿದರೆ ಗುಲ್ಬರ್ಗಾ ಒಂದು ಜಿಲ್ಲೆ, ಕಲಬುರಗಿ ಇನ್ನೊಂದು. ಬಿಜಾಪುರ ಒಂದು, ವಿಜಯಪುರ ಇನ್ನೊಂದು. ಒಂದೇ ಜಿಲ್ಲೆಯ ದೂರು ಎರಡು ಪಾಲಾಗಿ ಎರಡೂ ಪಟ್ಟಿಯ ಕೆಳಗೆ ಜಾರುತ್ತವೆ. ಇದಕ್ಕಿಂತ ನವಿರಾದ ಮೋಸ ಗಡಿಗಳದ್ದು. 2021ರಲ್ಲಿ ಬಳ್ಳಾರಿಯನ್ನು ಒಡೆದು ವಿಜಯನಗರ ಜಿಲ್ಲೆ ಮಾಡಿದರು. ಅದನ್ನು ಮರೆತು ವರ್ಷವಾರು ಲೆಕ್ಕ ಹಾಕಿದರೆ, ಬಳ್ಳಾರಿಯಲ್ಲಿ ಬಿತ್ತನೆ ಪ್ರದೇಶ ಒಮ್ಮೆಲೇ ಕುಸಿಯಿತು ಎಂಬ ಭರ್ಜರಿ ತಲೆಬರಹ ಸಿಗುತ್ತದೆ. ಕುಸಿದದ್ದು ಬಿತ್ತನೆಯಲ್ಲ, ನಕ್ಷೆ.

ಕನ್ನಡದಲ್ಲೇ ಟೈಪ್ ಮಾಡಿದ ಕೋಷ್ಟಕವಾದರೆ ಇನ್ನೊಂದು ತಮಾಷೆ ಇದೆ. ಕೋಲಾರದ 'ಕೋ' ಯೂನಿಕೋಡ್‌ನಲ್ಲಿ ಎರಡು ರೀತಿಯಲ್ಲಿ ಕೂರಬಹುದು. ಓತ್ವಕ್ಕೆ ಒಂದೇ ಸಂಕೇತ ಬಳಸಬಹುದು, ಇಲ್ಲವೇ ಎತ್ವ, ಕೊಂಬಿನ ದೀರ್ಘ, ಮೇಲೊಂದು ದೀರ್ಘಚಿಹ್ನೆ ಎಂದು ಮೂರು ತುಂಡಾಗಿ ಇಡಬಹುದು. ಪರದೆಯ ಮೇಲೆ ಎರಡೂ ಕೋಲಾರವೇ, ಕಣ್ಣಿಗೆ ಕೂದಲೆಳೆಯ ವ್ಯತ್ಯಾಸವೂ ಕಾಣುವುದಿಲ್ಲ. ಗ್ರೂಪ್‌ಬೈಗೆ ಮಾತ್ರ ಎರಡು ಊರು. ಹೆಸರಿನ ಕೊನೆಗೆ ಯಾರೋ ಒತ್ತಿದ ಒಂದು ಸ್ಪೇಸ್ ಕೂಡ ಹೊಸ ಊರನ್ನು ಹುಟ್ಟಿಸುತ್ತದೆ. ಇದಕ್ಕೆ ಮದ್ದು ಇದೆ: ಗುಂಪು ಮಾಡುವ ಮೊದಲು ಎಲ್ಲ ಹೆಸರನ್ನೂ ಯೂನಿಕೋಡ್ ನಾರ್ಮಲೈಸೇಶನ್ ಎಂಬ ಒಂದೇ ಅಚ್ಚಿಗೆ ಹಾಕಿ, ಆಚೀಚೆಯ ಸ್ಪೇಸ್ ಕತ್ತರಿಸಬೇಕು. ಎರಡು ಸಾಲಿನ ಕೆಲಸ. ಆದರೆ ತಾಲೂಕು ಸರಿಯೋ ತಾಲ್ಲೂಕು ಸರಿಯೋ ಎಂದು ನಾವೇ ಕಾಲೇಜಿನಿಂದ ಜಗಳವಾಡುತ್ತ ಬಂದಿದ್ದೇವೆ. ಆ ಜಗಳ ಯಾವ ಲೈಬ್ರರಿಯಿಂದಲೂ ಬಗೆಹರಿಯುವುದಿಲ್ಲ. ಹೆಸರುಗಳ ಒಂದು ತಿದ್ದುಪಟ್ಟಿಯನ್ನು ಊರು ಬಲ್ಲವರೇ ಕೂತು ಬರೆಯಬೇಕು. ಬೆಂಗಳೂರಿನಲ್ಲಿ ಕೂತ ಡೇಟಾ ತಂಡಕ್ಕಿಂತ ನಮ್ಮಂಥ ಹಳ್ಳಿಗಾಡಿನ ವರದಿಗಾರರು ಮೇಲಾಗುವುದು ಇಲ್ಲೇ.

ಇನ್ನು ಜೋಡಿಸುವುದು, ಅಂದರೆ ಸಾರ್ಟ್. ದಿನಾಂಕಗಳು ಪಠ್ಯವಾಗಿ ಉಳಿದಿದ್ದರೆ ಮೊದಲ ಎರಡು ಅಂಕಿ ನೋಡಿ ಜೋಡಣೆಯಾಗುತ್ತದೆ. ಎಲ್ಲ ವರ್ಷಗಳ ಒಂದನೇ ತಾರೀಕುಗಳು ಒಟ್ಟಿಗೆ, ಆಮೇಲೆ ಎರಡನೇ ತಾರೀಕುಗಳು. ಸಂಖ್ಯೆ ಪಠ್ಯವಾಗಿದ್ದರೆ 100 ಎನ್ನುವುದು 20ಕ್ಕಿಂತ ಮೊದಲು ಬರುತ್ತದೆ. 05-11 ಎಂದರೆ ನಮಗೆ ನವೆಂಬರ್ ಐದು, ಪಾಂಡಾಸ್‌ಗೆ ಬಿಟ್ಟರೆ ಮೇ ಹನ್ನೊಂದು. 'ಡೇ ಫಸ್ಟ್' ಎಂದು ಹೇಳಿಕೊಡಬೇಕು. ಕನ್ನಡ ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸಲು ಹೇಳಿದರೆ 'ಳ'ವನ್ನು ಹಕಾರದ ನಂತರ ಇಡದೆ 'ಲ'ದ ಪಕ್ಕಕ್ಕೆ ತಂದು ಕೂರಿಸುತ್ತದೆ, ಏಕೆಂದರೆ ಯೂನಿಕೋಡ್‌ನ ಮನೆಗಳಲ್ಲಿ ಅದರ ಜಾಗ ಅಲ್ಲಿದೆ. ಇವೆಲ್ಲ ಒಮ್ಮೆ ಕೈ ಸುಟ್ಟುಕೊಂಡರೆ ನೆನಪಿರುವ ಸಂಗತಿಗಳು.

ನೆನಪಿನಲ್ಲಿ ಉಳಿಯದ ಒಂದು ತಪ್ಪಿದೆ. ಅದನ್ನು ನಾವೇ ಮಾಡಿದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇವೆ. ಒಂದೇ ಊರಿಂದ ಹಲವು ದೂರು ಇರುತ್ತವೆ. ಪ್ರತಿ ಊರಿನ ಕೊನೆಯ ದೂರು ಏನಾಯಿತು ಎಂದು ನೋಡಬೇಕಿತ್ತು. ದಿನಾಂಕವನ್ನು ಹೊಸತರಿಂದ ಹಳೆಯದಕ್ಕೆ ಜೋಡಿಸಿ, ಊರುವಾರು ಗುಂಪು ಮಾಡಿ, 'ಫಸ್ಟ್' ಎಂದು ಕೇಳಿದೆವು. ಪ್ರತಿ ಗುಂಪಿನ ಮೊದಲ ಸಾಲು ಬರುತ್ತದೆ ಎಂದುಕೊಂಡೆವು. ಬರುವುದು ಅದಲ್ಲ. ಪ್ರತಿ ಕಾಲಂನಲ್ಲಿ ಮೊದಲು ಸಿಗುವ, ಖಾಲಿಯಲ್ಲದ ಬೆಲೆ ಬರುತ್ತದೆ. ಹೊಸ ದೂರಿನ 'ಸ್ಥಿತಿ' ಇನ್ನೂ ಖಾಲಿ ಇದ್ದರೆ ಅದು ಕೆಳಗಿನ ಹಳೆಯ ಸಾಲಿಗೆ ಇಳಿದು, ಅಲ್ಲಿದ್ದ 'ಪರಿಹರಿಸಲಾಗಿದೆ' ಎಂಬುದನ್ನು ಎತ್ತಿಕೊಂಡು ಬಂದು ಹೊಸ ದಿನಾಂಕದ ಪಕ್ಕ ಇಡುತ್ತದೆ. ಯಾವ ದಾಖಲೆಯಲ್ಲೂ ಇಲ್ಲದ ಒಂದು ಸಾಲು ಹೀಗೆ ಹುಟ್ಟಿತು: ಮೊನ್ನೆಯ ದೂರು, ಹೋದ ವರ್ಷದ ಪರಿಹಾರ. ನಿಜವಾದ ಮೊದಲ ಸಾಲು ಬೇಕಿದ್ದರೆ 'ಹೆಡ್' ಎಂದು ಕೇಳಿ ಒಂದು ಸಾಲು ಪಡೆಯಬೇಕು. ಇದು ಅಚ್ಚಾಗುವ ಮೊದಲೇ ಸಿಕ್ಕಿಬಿತ್ತು. ಸಿಕ್ಕಿದ್ದು ಕೂಡ ನಮ್ಮ ಜಾಣತನದಿಂದಲ್ಲ. ನಮ್ಮಲ್ಲೊಬ್ಬರ ಅತ್ತೆಯ ಊರು ಆ ಪಟ್ಟಿಯಲ್ಲಿ 'ಪರಿಹರಿಸಲಾಗಿದೆ' ಎಂದಿತ್ತು, ಅತ್ತೆ ಮಾತ್ರ ಟ್ಯಾಂಕರ್ ಮುಂದೆ ಕೊಡ ಇಟ್ಟು ನಿಂತಿದ್ದರು.

ಇಂಥವೆಲ್ಲ ಹಳ್ಳಿ ಪತ್ರಕರ್ತರ ಎಡವಟ್ಟು, ದೊಡ್ಡವರು ಹೀಗೆ ಮಾಡುವುದಿಲ್ಲ ಎನ್ನುವವರಿಗೆ ಒಂದು ಉದಾಹರಣೆ. 2010ರಲ್ಲಿ ಅರ್ಥಶಾಸ್ತ್ರಜ್ಞರಾದ ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೋಗಾಫ್ ಒಂದು ಪ್ರಬಂಧ ಪ್ರಕಟಿಸಿದರು. ದೇಶಗಳನ್ನು ಸಾಲದ ಪ್ರಮಾಣದ ಮೇಲೆ ನಾಲ್ಕು ಗುಂಪು ಮಾಡಿ, ಪ್ರತಿ ಗುಂಪಿನ ಸರಾಸರಿ ಬೆಳವಣಿಗೆ ತೆಗೆದಿದ್ದರು. ಸಾಲವು ಜಿಡಿಪಿಯ ಶೇ. 90 ದಾಟಿದ ಗುಂಪಿನಲ್ಲಿ ಸರಾಸರಿ ಬೆಳವಣಿಗೆ ಮೈನಸ್ ಶೇ. 0.1 ಎಂದು ಬಂತು. ಸರ್ಕಾರಗಳು ಖರ್ಚು ಕಡಿತಗೊಳಿಸಬೇಕು ಎನ್ನುವ ರಾಜಕಾರಣಿಗಳಿಗೆ ಇದು ಅಮೆರಿಕ, ಯುರೋಪ್ ಎರಡು ಕಡೆಯೂ ಆಯುಧವಾಯಿತು. 2013ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಥಾಮಸ್ ಹರ್ನ್‌ಡನ್ ಅವರ ಎಕ್ಸೆಲ್ ಹಾಳೆಯನ್ನೇ ತರಿಸಿ ನೋಡಿದ. ದೇಶಗಳು ಹೆಚ್ಚುಕಡಿಮೆ ಹಿಮ್ಮುಖ ಅಕ್ಷರ ಕ್ರಮದಲ್ಲಿದ್ದವು. ಸರಾಸರಿಯ ಸೂತ್ರ ಐದು ಸಾಲು ಮೊದಲೇ ನಿಂತುಹೋಗಿತ್ತು. ಬಿಟ್ಟುಹೋದ ದೇಶಗಳು ಆಸ್ಟ್ರೇಲಿಯಾ, ಆಸ್ಟ್ರಿಯಾ, ಬೆಲ್ಜಿಯಂ, ಕೆನಡಾ, ಡೆನ್ಮಾರ್ಕ್. ಇಂಗ್ಲಿಷ್ ಅಕ್ಷರಮಾಲೆಯಲ್ಲಿ ಮೊದಲು ಬರುವವು. ಅದಕ್ಕಿಂತ ದೊಡ್ಡ ತಕರಾರುಗಳು ಬೇರೆ ಇದ್ದವು. ಕೆಲವು ವರ್ಷಗಳ ಅಂಕಿ ಬಿಟ್ಟುಹೋಗಿತ್ತು, ಮತ್ತು ಆ ಗುಂಪಿನಲ್ಲಿ ಬ್ರಿಟನ್ನಿನ 19 ವರ್ಷಗಳಿಗೂ ನ್ಯೂಜಿಲೆಂಡಿನ ಒಂದೇ ಒಂದು ವರ್ಷಕ್ಕೂ ಸಮಾನ ತೂಕ ಕೊಡಲಾಗಿತ್ತು. ಹರ್ನ್‌ಡನ್ ಮತ್ತು ಅವನ ಪ್ರಾಧ್ಯಾಪಕರು ತಿದ್ದಿದ ಲೆಕ್ಕದಲ್ಲಿ ಸರಾಸರಿ ಶೇ. 2.2 ಆಯಿತು. ಮೂಲ ಲೇಖಕರು ಎಕ್ಸೆಲ್ ತಪ್ಪನ್ನು ಒಪ್ಪಿಕೊಂಡರು, ತಮ್ಮ ಒಟ್ಟಾರೆ ವಾದವನ್ನು ಮಾತ್ರ ಬಿಟ್ಟುಕೊಡಲಿಲ್ಲ.

ಆ ಹುಡುಗನಿಗೆ ಹಾಳೆ ಸಿಕ್ಕಿದ್ದರಿಂದ ತಪ್ಪು ಸಿಕ್ಕಿತು. ನಮ್ಮ ಪತ್ರಿಕೆಗಳಲ್ಲಿ ಬರುವ ಪಟ್ಟಿಗಳ ಹಿಂದಿನ ಹಾಳೆ ಯಾರಿಗೆ ಸಿಗುತ್ತದೆ?

'ಟಾಪ್ ಟೆನ್' ಹುಚ್ಚಿನ ಬಗ್ಗೆಯೂ ಒಂದು ಮಾತು. ದೂರಿನ ಸಂಖ್ಯೆ ಹಿಡಿದು ಜೋಡಿಸಿದರೆ ದೊಡ್ಡ ಊರುಗಳೇ ಮೇಲೆ ಬರುತ್ತವೆ. ಸರಿ, ಮನೆಗಳ ಸಂಖ್ಯೆಯಿಂದ ಭಾಗಿಸೋಣ ಎಂದರೆ ಸಣ್ಣ ಊರುಗಳು ತುದಿಗೆ ಹಾರುತ್ತವೆ. ಹನ್ನೆರಡು ಮನೆಯ ಊರಲ್ಲಿ ಮೂರು ಮನೆಯವರು ದೂರು ಕೊಟ್ಟರೆ ನೂರಕ್ಕೆ ಇಪ್ಪತ್ತೈದು. ಒಂಬೈನೂರು ಮನೆಯ ಊರಲ್ಲಿ ತೊಂಬತ್ತು ಮನೆಯವರು ಕೊಟ್ಟರೆ ನೂರಕ್ಕೆ ಹತ್ತು. ಯಾವ ಊರು ಮೇಲೆ? ಕೆಳಗಿನ ತುದಿಯಲ್ಲೂ ಸಣ್ಣ ಊರುಗಳೇ ಇರುತ್ತವೆ, ಅಲ್ಲಿ ಒಬ್ಬರೂ ದೂರು ಕೊಟ್ಟಿರುವುದಿಲ್ಲ. ಅಲ್ಲದೆ ದೂರು ಕಡಿಮೆ ಎಂದರೆ ನೀರು ಚೆನ್ನಾಗಿದೆ ಎಂದೂ ಅಲ್ಲ. ದೂರು ಕೊಟ್ಟು ಬೇಸತ್ತವರಿರಬಹುದು, ಪಂಚಾಯಿತಿ ಆಫೀಸು ಹತ್ತು ಕಿಲೋಮೀಟರ್ ದೂರ ಇರಬಹುದು. ಒಂದು ಸಾಲಿನ ಸಾರ್ಟ್ ಮಾಡಿ ಒಂದನೇ ಸ್ಥಾನದ ಊರಿನ ಪಿಡಿಒ ಅವರನ್ನು ಕಟಕಟೆಗೆ ನಿಲ್ಲಿಸುವ ಮುಂಚೆ ಯೋಚಿಸಬೇಕಾದದ್ದು ಬಹಳ ಇದೆ. ನಾವು ಆ ಬಾಕ್ಸ್ ಬರೆದಾಗ ಇದನ್ನೂ ಯೋಚಿಸಿರಲಿಲ್ಲ.

ಇಷ್ಟು ರಗಳೆ ಇದ್ದರೆ ಎಕ್ಸೆಲ್‌ನಲ್ಲೇ ಇರಬಾರದೇ ಎಂದು ನಮ್ಮ ಸಹಪಾಠಿಗಳೇ ಕೇಳುತ್ತಾರೆ. ಎಕ್ಸೆಲ್‌ಗೆ ನಮ್ಮ ವಿರೋಧವಿಲ್ಲ, ಖಾಲಿ ಸಾಲನ್ನು ಅದಾದರೂ ತೋರಿಸುತ್ತಿತ್ತು. ಆದರೆ ಎಕ್ಸೆಲ್‌ನಲ್ಲಿ ಒಂದೇ ಕಾಲಂ ಆಯ್ದು ಸಾರ್ಟ್ ಒತ್ತಿ, ಅದು ಕೇಳುವ ಪ್ರಶ್ನೆಗೆ ಅವಸರದಲ್ಲಿ ತಪ್ಪು ಉತ್ತರ ಕೊಟ್ಟರೆ ಊರುಗಳು ಕದಲುತ್ತವೆ, ಪಕ್ಕದ ಅಂಕಿಗಳು ಅಲ್ಲೇ ನಿಲ್ಲುತ್ತವೆ. ಫೈಲ್ ಸೇವ್ ಆಗಿ ಮುಚ್ಚಿದ ಮೇಲೆ ಏನಾಯಿತೆಂದು ಹೇಳುವ ಗುರುತು ಹಾಳೆಯಲ್ಲಿ ಉಳಿಯುವುದಿಲ್ಲ. ಕೋಡಿನಲ್ಲಿ ಮೂಲ ಫೈಲು ಮೂಲದಲ್ಲೇ ಇರುತ್ತದೆ. ಏನು ಮಾಡಿದೆವು ಎಂಬುದು ಸಾಲುಸಾಲಾಗಿ ಉಳಿಯುತ್ತದೆ. ತಾಂಡಾದವರ ಫೋನ್ ಬಂದ ಸಂಜೆ ನಾವು ತಪ್ಪು ಹುಡುಕಲು ಸಾಧ್ಯವಾದದ್ದೇ ಆ ಮೂರು ಸಾಲು ಹಾಗೇ ಉಳಿದಿದ್ದರಿಂದ.

ನಮ್ಮ ಪತ್ರಿಕೋದ್ಯಮ ತರಗತಿಯಲ್ಲಿ ಸುದ್ದಿಯ ತಲೆಕೆಳಗಾದ ಪಿರಮಿಡ್ ಬಗ್ಗೆ ಎಷ್ಟು ಸಲ ಬರೆದೆವೋ ಲೆಕ್ಕವಿಲ್ಲ. ಒಂದು ಕೋಷ್ಟಕವನ್ನು ಹೇಗೆ ಓದಬೇಕು ಎಂದು ಯಾರೂ ಹೇಳಿಕೊಡಲಿಲ್ಲ. ಹಾಗೆಂದು ಎಲ್ಲರೂ ಪ್ರೋಗ್ರಾಮರ್ ಆಗಬೇಕಿಲ್ಲ. ನಮ್ಮ ಬೇಡಿಕೆ ಸಣ್ಣದು. ಪತ್ರಿಕೆಯಲ್ಲಿ ಬರುವ ಪ್ರತಿ ಪಟ್ಟಿಯ ಕೆಳಗೆ ಒಂದು ಸಾಲು ಇರಲಿ: ಒಟ್ಟು ಸಾಲು ಎಷ್ಟು, ಲೆಕ್ಕಕ್ಕೆ ಬಂದದ್ದು ಎಷ್ಟು, ಬಿಟ್ಟದ್ದು ಯಾಕೆ, ಗುಂಪು ಮಾಡಿದ್ದು ಯಾವುದರ ಮೇಲೆ. ಇದನ್ನು ಡೆಸ್ಕ್‌ಗೆ ಹೇಳಿದಾಗ "ಜಾಗ ಇಲ್ಲ" ಎಂಬ ಉತ್ತರ ಬಂತು. ಬಾಕ್ಸಿನ ಹಿನ್ನೆಲೆಗೆ ಒಣಗಿದ ನಲ್ಲಿಯ ಚಿತ್ರ ಹಾಕಲು ಜಾಗ ಇತ್ತು.

ಎರಡನೇ ಪಟ್ಟಿ ಮಾಡಲು ನಾಲ್ಕು ಸಂಜೆ ಹಿಡಿಯಿತು. ಷರಾ ಕಾಲಂನ ಪ್ರತಿ ಸಾಲನ್ನೂ ಓದಿ, ತಾಂಡಾಗಳ ಹೆಸರನ್ನು ಪ್ರತ್ಯೇಕ ಕಾಲಂಗೆ ಕೈಯಿಂದಲೇ ಬರೆದೆವು. ಮೂರನೇ ಸಂಜೆಗೆ ನಮ್ಮಲ್ಲೇ ಜಗಳ ಬಂತು: ತಾಂಡಾವನ್ನು ಅದರ ಹತ್ತಿರದ ಕಂದಾಯ ಗ್ರಾಮಕ್ಕೆ ಸೇರಿಸಿ ಎಣಿಸುವುದೋ, ಬೇರೆಯಾಗಿ ಎಣಿಸುವುದೋ. ಸೇರಿಸಿದರೆ ಆಫೀಸಿನ ದಾಖಲೆಗೆ ಹೊಂದುತ್ತದೆ, ಆದರೆ ದೊಡ್ಡ ಊರಿನ ಸಂಖ್ಯೆಯಲ್ಲಿ ತಾಂಡಾ ಕರಗುತ್ತದೆ. ಕೊನೆಗೆ ಬೇರೆಯಾಗಿ ಎಣಿಸಿದೆವು, ಹಾಗೆ ಮಾಡಿದ್ದೇವೆಂದು ಕೆಳಗೆ ಬರೆದೆವು. ಒಂದು, ಎರಡು ಎಂದು ಸ್ಥಾನ ಕೊಡಲಿಲ್ಲ. ಪತ್ರಿಕೆ ಅದನ್ನು ಒಳಪುಟದಲ್ಲಿ, ಟೆಂಡರ್ ಜಾಹೀರಾತಿನ ಪಕ್ಕ ಹಾಕಿತು. ಕೆಳಗಿನ ಆ ಒಂದು ಸಾಲು ಉಳಿದುಕೊಂಡಿತು.

ಮಾರನೆಯ ದಿನ ಮತ್ತೆ ಅದೇ ನಂಬರಿನಿಂದ ಫೋನ್.

"ನೋಡಿದೆ ತಮ್ಮಾ. ತಾಂಡಾದ ಹೆಸರು ತಪ್ಪು ಬರದೀರಿ."

ಆಪರೇಟರ್ ಷರಾದಲ್ಲಿ ಬರೆದಂತೆಯೇ ನಾವು ಬರೆದಿದ್ದೆವು. ಅಕ್ಷರ ಅಕ್ಷರವಾಗಿ ಹೇಳಿಸಿಕೊಂಡು ತಿದ್ದುಪಟ್ಟಿಗೆ ಇನ್ನೊಂದು ಸಾಲು ಸೇರಿಸಿದೆವು.